ದ್ವೇಷಾಪರಾಧ ನಡೆದಾಗ ಸರ್ಕಾರಿ ಅಭಿಯೋಜಕರ ಕೆಲಸವೇನು? ನೊಂದವರಿಗೆ ಸಿಗುವ ನೆರವೇನು?

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಶ್ರಾವಕ ಕುಟುಂಬಗಳು ತಿಳಿದಿರಬೇಕಾದ ಕಾನೂನು ಸಂಗತಿಗಳು

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಜೈನರ ಸಂಖ್ಯೆ 4,40,280. ರಾಜ್ಯದ ಒಟ್ಟು ಜನಸಂಖ್ಯೆಯಲ್ಲಿ ಇದು ಶೇಕಡಾ 1ಕ್ಕಿಂತಲೂ ಕಡಿಮೆ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಸಮಾಜ ದೊಡ್ಡದಾಗಿ, ಒಗ್ಗಟ್ಟಾಗಿ ನೆಲೆಸಿದೆ. ಕಲಬುರಗಿ ಜಿಲ್ಲೆಯ ಪರಿಸ್ಥಿತಿ ಬೇರೆ. ರಾಷ್ಟ್ರಕೂಟರ ಕಾಲದಲ್ಲಿ ಮಳಖೇಡ ಜೈನ ವಿದ್ವತ್ತಿನ ರಾಜಧಾನಿಯೇ ಆಗಿತ್ತು. ಆದರೆ ಇಂದು ಆಳಂದ, ಅಫಜಲಪುರ, ಜೇವರ್ಗಿಯಂಥ ತಾಲ್ಲೂಕುಗಳಲ್ಲಿ ಜೈನ ಮನೆಗಳು ಚದುರಿಹೋಗಿವೆ. ಹಳೆಯ ಬಸದಿ ಇರುವಲ್ಲಿ ಶ್ರಾವಕರಿಲ್ಲ, ಶ್ರಾವಕರು ಇರುವಲ್ಲಿ ಬಸದಿ ದೂರ ಎಂಬ ಸ್ಥಿತಿ ಹಲವು ಕಡೆ ಇದೆ.

ಇಂಥ ಊರುಗಳಲ್ಲಿ ಜಿನಬಿಂಬಕ್ಕೆ ಹಾನಿಯಾದರೆ, ವಿಹಾರದಲ್ಲಿರುವ ಮುನಿ ಮಹಾರಾಜರನ್ನು ಯಾರಾದರೂ ಹೀಯಾಳಿಸಿ ತಡೆದರೆ, ಸಮಾಜವನ್ನು ಅವಮಾನಿಸುವ ವಿಡಿಯೊ ಹರಿದಾಡಿದರೆ ಮೊದಲು ಏಳುವ ಪ್ರಶ್ನೆ, 'ದೂರು ಕೊಡಬೇಕೋ ಬೇಡವೋ?' ಎಂಬುದು. ಕೊಟ್ಟರೆ ಊರಿನಲ್ಲಿ ಬಾಳುವುದು ಹೇಗೆ ಎಂಬ ಅಳುಕು ಅದರ ಬೆನ್ನಿಗೇ ಬರುತ್ತದೆ. ದೂರು ಕೊಟ್ಟ ಮೇಲೆ ಮೊಕದ್ದಮೆಯನ್ನು ಯಾರು ನಡೆಸುತ್ತಾರೆ, ಸಾಕ್ಷಿ ಹೇಳುವವರಿಗೆ ರಕ್ಷಣೆ ಎಲ್ಲಿದೆ, ಪರಿಹಾರ ಎಲ್ಲಿ ಕೇಳಬೇಕು ಎಂಬುದು ಗೊತ್ತಿದ್ದರೆ ಆ ಅಳುಕು ಅರ್ಧ ಕಡಿಮೆಯಾಗುತ್ತದೆ.

ದ್ವೇಷಾಪರಾಧ ಎಂದರೇನು?

ವ್ಯಕ್ತಿಯ ಧರ್ಮ, ಜಾತಿ, ಭಾಷೆ, ಜನ್ಮಸ್ಥಳ ಮುಂತಾದ ಗುರುತಿನ ಮೇಲಿನ ಹಗೆಯಿಂದಲೇ ನಡೆಯುವ ಅಪರಾಧಕ್ಕೆ ಸಾಮಾನ್ಯವಾಗಿ ದ್ವೇಷಾಪರಾಧ ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ ಇದಕ್ಕೆ ಪ್ರತ್ಯೇಕ ವ್ಯವಸ್ಥೆಯಿದೆ. ನೊಂದವರಿಗಾಗಲಿ ಬೇರೆ ಯಾರಿಗಾಗಲಿ 'ಇದು ಹಗೆಯಿಂದ ನಡೆದದ್ದು' ಎನಿಸಿದರೆ ಪೊಲೀಸರು ಮತ್ತು ಅಭಿಯೋಜಕರು ಆ ಪ್ರಕರಣಕ್ಕೆ ಮೊದಲೇ ಗುರುತು ಹಾಕುತ್ತಾರೆ. ಹಗೆ ಇತ್ತೆಂದು ನ್ಯಾಯಾಲಯದಲ್ಲಿ ರುಜುವಾತಾದರೆ ಮೂಲ ಅಪರಾಧದ ಶಿಕ್ಷೆ ಹೆಚ್ಚುತ್ತದೆ.

ಭಾರತದ ದಂಡ ಸಂಹಿತೆಯಲ್ಲಿ ಈ ಹೆಸರಿನ ಪ್ರತ್ಯೇಕ ಅಪರಾಧವಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಬೇರೆ ಬೇರೆ ಕಲಂಗಳಲ್ಲಿ ಇದು ಹಂಚಿಹೋಗಿದೆ. ಜೈನ ಕುಟುಂಬಗಳಿಗೆ ಸಂಬಂಧಿಸಿದ ಮುಖ್ಯ ಕಲಂಗಳು ಇವು:

ಕಲಂ 196: ಧರ್ಮ, ಜಾತಿ, ಭಾಷೆ ಇತ್ಯಾದಿ ಆಧಾರದಲ್ಲಿ ಗುಂಪುಗಳ ನಡುವೆ ವೈರ ಬೆಳೆಸುವುದು. 3 ವರ್ಷದವರೆಗೆ ಸೆರೆವಾಸ. ಇದೇ ಕೃತ್ಯ ಪೂಜಾಸ್ಥಳದಲ್ಲಿ ನಡೆದರೆ 5 ವರ್ಷದವರೆಗೆ.

ಕಲಂ 298: ಒಂದು ವರ್ಗದ ಧರ್ಮವನ್ನು ಅವಮಾನಿಸುವ ಉದ್ದೇಶದಿಂದ ಪೂಜಾಸ್ಥಳಕ್ಕೆ ಅಥವಾ ಪವಿತ್ರ ವಸ್ತುವಿಗೆ ಹಾನಿ ಮಾಡುವುದು, ಅಪವಿತ್ರಗೊಳಿಸುವುದು. 2 ವರ್ಷದವರೆಗೆ.

ಕಲಂ 299: ಧಾರ್ಮಿಕ ಭಾವನೆಯನ್ನು ಕೆರಳಿಸಲೆಂದೇ ದುರುದ್ದೇಶದಿಂದ ಮಾಡಿದ ಮಾತು, ಬರಹ, ಚಿತ್ರ ಅಥವಾ ವಿಡಿಯೊ. 3 ವರ್ಷದವರೆಗೆ.

ಕಲಂ 300: ಧಾರ್ಮಿಕ ಸಭೆಗೆ, ಪೂಜೆಗೆ ಅಡ್ಡಿ ಮಾಡುವುದು. 1 ವರ್ಷದವರೆಗೆ.

ಕಲಂ 302: ಧಾರ್ಮಿಕ ಭಾವನೆಯನ್ನು ನೋಯಿಸಬೇಕೆಂದೇ ಎದುರಿಗೆ ಆಡುವ ಮಾತು, ಮಾಡುವ ಸನ್ನೆ. 1 ವರ್ಷದವರೆಗೆ.

ಕಲಂ 103(2) ಮತ್ತು 117(4): ಐದು ಅಥವಾ ಹೆಚ್ಚು ಜನ ಸೇರಿ ಜಾತಿ, ಸಮುದಾಯ, ಭಾಷೆ, ವೈಯಕ್ತಿಕ ನಂಬಿಕೆ ಮುಂತಾದ ಕಾರಣಕ್ಕೆ ಕೊಲೆ ಮಾಡಿದರೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ. ತೀವ್ರ ಗಾಯ ಮಾಡಿದರೆ 7 ವರ್ಷದವರೆಗೆ ಸೆರೆವಾಸ. ಗುಂಪು ಹಲ್ಲೆಗೆ ಹೀಗೆ ಪ್ರತ್ಯೇಕ ಕಲಂ ಹಳೆಯ ದಂಡ ಸಂಹಿತೆಯಲ್ಲಿ ಇರಲಿಲ್ಲ.

ಬಸದಿಯು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕವಾಗಿದ್ದರೆ 1958ರ ಸ್ಮಾರಕ ಕಾಯ್ದೆಯೂ ಅನ್ವಯಿಸುತ್ತದೆ. ಅದರಡಿ 2 ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಕರ್ನಾಟಕದ ಉಭಯ ಸದನಗಳು 2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ದ್ವೇಷ ಭಾಷಣ ಮತ್ತು ದ್ವೇಷಾಪರಾಧ ತಡೆ ಮಸೂದೆಯನ್ನು ಅಂಗೀಕರಿಸಿದವು. ಮೊದಲ ಅಪರಾಧಕ್ಕೆ 1ರಿಂದ 7 ವರ್ಷ ಸೆರೆವಾಸ ಮತ್ತು 50,000 ರೂಪಾಯಿ ದಂಡ ಅದರಲ್ಲಿದೆ. ಮಸೂದೆಗೆ ಅಂಕಿತ ಬಿದ್ದು ರಾಜ್ಯಪತ್ರದಲ್ಲಿ ಪ್ರಕಟವಾದ ಮೇಲಷ್ಟೇ ಅದು ಕಾನೂನು. ಅದಕ್ಕೂ ಹಿಂದೆ ನಡೆದ ಕೃತ್ಯಕ್ಕೆ ಅದನ್ನು ಅನ್ವಯಿಸಲು ಬರುವುದಿಲ್ಲ. ಹಾಗಾಗಿ ಈ ಲೇಖನ ಮೇಲಿನ ಕಲಂಗಳನ್ನೇ ಆಧರಿಸಿದೆ.

ಅಭಿಯೋಜಕರು ಯಾರ ವಕೀಲರು?

ಕ್ರಿಮಿನಲ್ ಮೊಕದ್ದಮೆಯಲ್ಲಿ ಆರೋಪಿಯ ಎದುರು ನಿಲ್ಲುವುದು ದೂರುದಾರರಲ್ಲ, ಸರ್ಕಾರ. ಅದರ ಪರವಾಗಿ ವಾದಿಸುವವರೇ ಅಭಿಯೋಜಕರು. ಆಳಂದ, ಅಫಜಲಪುರ, ಜೇವರ್ಗಿಯ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿ ನ್ಯಾಯಾಲಯಗಳಲ್ಲಿ ಸಹಾಯಕ ಸರ್ಕಾರಿ ಅಭಿಯೋಜಕರು ಮೊಕದ್ದಮೆ ನಡೆಸುತ್ತಾರೆ. ಕೊಲೆಯಂಥ ಗಂಭೀರ ಪ್ರಕರಣ ಸೆಷನ್ಸ್ ನ್ಯಾಯಾಲಯಕ್ಕೆ ಹೋಗುತ್ತದೆ. ಅಲ್ಲಿ ಸರ್ಕಾರಿ ಅಭಿಯೋಜಕರಿರುತ್ತಾರೆ. ಮೇಲ್ಮನವಿ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಬರುತ್ತದೆ. 2013ರಿಂದ ಇದು ಕಾಯಂ ಪೀಠವಾಗಿರುವುದರಿಂದ ಈ ಭಾಗದವರು ಬೆಂಗಳೂರಿಗೆ ಅಲೆಯಬೇಕಿಲ್ಲ.

ಅಭಿಯೋಜಕರು ತನಿಖೆ ಮಾಡುವವರಲ್ಲ. ತನಿಖೆ ಪೊಲೀಸರದ್ದು. ದೋಷಾರೋಪ ಪಟ್ಟಿಯಲ್ಲಿ ಕಲಂ ಸರಿಯಾಗಿದೆಯೇ, ಸಾಕ್ಷ್ಯ ಸಾಲುತ್ತದೆಯೇ, ಜಾಮೀನಿಗೆ ಏನೆಂದು ಆಕ್ಷೇಪಿಸಬೇಕು, ಯಾವ ಸಾಕ್ಷಿಯನ್ನು ಯಾವಾಗ ಕರೆಯಬೇಕು ಎಂಬುದನ್ನು ನೋಡುವುದು ಅಭಿಯೋಜಕರ ಹೊಣೆ. ಹೇಗಾದರೂ ಶಿಕ್ಷೆ ಕೊಡಿಸುವುದೇ ಅವರ ಕೆಲಸ ಎಂಬ ತಿಳಿವಳಿಕೆ ತಪ್ಪು. ಆರೋಪಿಗೆ ಅನುಕೂಲವಾದ ಸಂಗತಿಯನ್ನೂ ಮುಚ್ಚಿಡದೆ ನ್ಯಾಯಾಲಯಕ್ಕೆ ನೆರವಾಗುವುದು ಅವರ ಧರ್ಮ.

ನೊಂದವರಿಗೂ ಮೊಕದ್ದಮೆಯಲ್ಲಿ ಜಾಗವಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 18ರಂತೆ ನೊಂದವರು ತಮ್ಮ ಆಯ್ಕೆಯ ವಕೀಲರನ್ನು ಅಭಿಯೋಜಕರ ನೆರವಿಗೆ ನಿಲ್ಲಿಸಲು ನ್ಯಾಯಾಲಯದ ಅನುಮತಿ ಕೇಳಬಹುದು. ಪ್ರಕರಣ ಗಂಭೀರವಾಗಿದ್ದರೆ ವಿಶೇಷ ಅಭಿಯೋಜಕರನ್ನು ನೇಮಿಸುವಂತೆ ಸರ್ಕಾರವನ್ನು ಕೋರಬಹುದು. ಅವರಿಗೆ ಕನಿಷ್ಠ 10 ವರ್ಷಗಳ ವಕೀಲಿ ಅನುಭವ ಇರಬೇಕು. ನೊಂದವರ ಮಾತನ್ನು ಜಾಮೀನು ಹಂತದಲ್ಲೂ ಕೇಳಬೇಕೆಂದು ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ಲಖೀಂಪುರ ಖೇರಿ ಪ್ರಕರಣದ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ಸರ್ಕಾರ ಮೊಕದ್ದಮೆಯನ್ನು ಹಿಂದಕ್ಕೆ ಪಡೆಯಲು ಹೊರಟರೂ ನೊಂದವರಿಗೆ ಹೇಳಿಕೊಳ್ಳಲು ಅವಕಾಶ ಕೊಡದೆ ನ್ಯಾಯಾಲಯ ಒಪ್ಪುವಂತಿಲ್ಲ. ಇದು ಸುರಕ್ಷಾ ಸಂಹಿತೆಯ ಕಲಂ 360ರಲ್ಲಿ ಹೊಸದಾಗಿ ಸೇರಿದ ರಕ್ಷಣೆ.

ಹಗೆಯನ್ನು ರುಜುವಾತು ಮಾಡುವುದು ಹೇಗೆ?

ದ್ವೇಷಾಪರಾಧದ ಮೊಕದ್ದಮೆಯಲ್ಲಿ ಎರಡು ಸಂಗತಿಗಳನ್ನು ತೋರಿಸಬೇಕು. ಕೃತ್ಯ ನಡೆದದ್ದು ಒಂದು, ಅದರ ಹಿಂದಿನ ಉದ್ದೇಶ ಇನ್ನೊಂದು. ಎರಡನೆಯದೇ ಕಷ್ಟ.

ಬಸದಿಯ ಬೀಗ ಮುರಿದು ಪಂಚಲೋಹದ ಜಿನಬಿಂಬವನ್ನು ಒಯ್ದಿದ್ದರೆ ಅದು ಮೇಲ್ನೋಟಕ್ಕೆ ಕಳ್ಳತನ. ಹುಂಡಿಯನ್ನೂ ಬೆಳ್ಳಿಯನ್ನೂ ಮುಟ್ಟದೆ ಮೂರ್ತಿಯ ಮುಖವನ್ನಷ್ಟೇ ವಿರೂಪಗೊಳಿಸಿದ್ದರೆ ಪ್ರಶ್ನೆ ಬೇರೆಯಾಗುತ್ತದೆ. ಅಭಿಯೋಜಕರು ಹುಡುಕುವುದು ಇಂಥ ಸೂಚನೆಗಳನ್ನು. ಕೃತ್ಯದ ವೇಳೆ ಆಡಿದ ಮಾತೇನು? ಗೋಡೆಯ ಮೇಲೆ ಬರೆದದ್ದೇನು? ಮಹಾವೀರ ಜಯಂತಿ, ದಶಲಕ್ಷಣ ಪರ್ವದಂಥ ದಿನವನ್ನೇ ಆರಿಸಿಕೊಂಡಿದ್ದರೇ? ಹಿಂದೆಯೂ ಇದೇ ಸಮುದಾಯವನ್ನು ಗುರಿಮಾಡಿದ್ದರೇ? ಘಟನೆಯ ಮೊದಲು ಮತ್ತು ನಂತರ ಆರೋಪಿ ವಾಟ್ಸ್‌ಆ್ಯಪ್‌ನಲ್ಲಿ ಹಾಕಿದ್ದೇನು? ಹಣದ ವ್ಯವಹಾರ, ಜಮೀನಿನ ತಕರಾರು, ಹಳೆಯ ಜಗಳದಂಥ ಬೇರೆ ಕಾರಣ ಇತ್ತೇ?

ಕೊನೆಯ ಪ್ರಶ್ನೆ ಎಷ್ಟು ಮುಖ್ಯ ಎಂಬುದಕ್ಕೆ ಸಮಾಜ ಮರೆಯಲಾಗದ ಒಂದು ಪ್ರಕರಣವಿದೆ. 2023ರ ಜುಲೈನಲ್ಲಿ ಚಿಕ್ಕೋಡಿ ತಾಲ್ಲೂಕಿನ ಹಿರೇಕೋಡಿಯ ನಂದಿ ಪರ್ವತ ಆಶ್ರಮದ ಆಚಾರ್ಯ ಶ್ರೀ ಕಾಮಕುಮಾರ ನಂದಿ ಮಹಾರಾಜರ ಹತ್ಯೆಯಾಯಿತು. ಅವರ ಪಾರ್ಥಿವ ಶರೀರ ರಾಯಬಾಗ ತಾಲ್ಲೂಕಿನ ಖಟಕಭಾವಿಯಲ್ಲಿ ಕೊಳವೆಬಾವಿಯೊಂದರಲ್ಲಿ ಸಿಕ್ಕಿತು. ಇಡೀ ದೇಶದ ಜೈನ ಸಮಾಜ ಬೀದಿಗಿಳಿಯಿತು. ವರೂರಿನಲ್ಲಿ ಆಚಾರ್ಯ ಶ್ರೀ ಗುಣಧರನಂದಿ ಮಹಾರಾಜರು ಮುನಿಗಳ ರಕ್ಷಣೆಗಾಗಿ ಉಪವಾಸ ಕೈಗೊಂಡರು. ಗೃಹ ಸಚಿವ ಜಿ. ಪರಮೇಶ್ವರ ಅಲ್ಲಿಗೆ ಹೋಗಿ ಭರವಸೆ ಕೊಟ್ಟರು. ತನಿಖೆಯನ್ನು ಸಿಐಡಿಗೆ ವಹಿಸಲಾಯಿತು. ಪೊಲೀಸರು ಇಬ್ಬರನ್ನು ಬಂಧಿಸಿ, ಹಣದ ವ್ಯವಹಾರವೇ ಹತ್ಯೆಗೆ ಕಾರಣ ಎಂದರು.

ಮುನಿಯೊಬ್ಬರ ಹತ್ಯೆ ಎಂಬ ಕಾರಣಕ್ಕೇ ಅದು ಕಾನೂನಿನ ಕಣ್ಣಿನಲ್ಲಿ ದ್ವೇಷಾಪರಾಧ ಆಗುವುದಿಲ್ಲ. ಕೊಲೆ ಕೊಲೆಯೇ. ಅದಕ್ಕೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಇದ್ದೇ ಇದೆ. ಆಧಾರವಿಲ್ಲದೆ ಧರ್ಮದ್ವೇಷದ ಆರೋಪ ಸೇರಿಸಿದರೆ ಪ್ರಕರಣ ಬಲಗೊಳ್ಳುವ ಬದಲು ಸಡಿಲವಾಗುತ್ತದೆ. ಉದ್ದೇಶ ರುಜುವಾತಾಗದಿದ್ದರೆ ಪ್ರತಿವಾದಿ ವಕೀಲರಿಗೆ ಅದೇ ಅಸ್ತ್ರ. ಆದ್ದರಿಂದ ದೂರಿನಲ್ಲಿ ಕಂಡದ್ದನ್ನು ಕಂಡಂತೆ, ಕೇಳಿದ್ದನ್ನು ಕೇಳಿದಂತೆ ಬರೆಯಬೇಕು. ಉದ್ದೇಶ ಏನಿತ್ತು ಎಂಬ ಊಹೆಯನ್ನು ತನಿಖೆಗೆ ಬಿಡಬೇಕು.

ಮಾತಿನ ವಿಷಯದಲ್ಲಿ ನ್ಯಾಯಾಲಯಗಳು ಇನ್ನೂ ಎಚ್ಚರದಿಂದಿವೆ. ದ್ವೇಷ ಭಾಷಣ ಕಂಡರೆ ದೂರಿಗೆ ಕಾಯದೆ ಸ್ವತಃ ಪ್ರಕರಣ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 28ರಂದು ಎಲ್ಲ ರಾಜ್ಯಗಳಿಗೆ ಆದೇಶಿಸಿತು. ಅದೇ ನ್ಯಾಯಾಲಯ 2025ರ ಮಾರ್ಚ್‌ನಲ್ಲಿ ಇಮ್ರಾನ್ ಪ್ರತಾಪಗಢಿ ಪ್ರಕರಣದಲ್ಲಿ, ಮಾತನ್ನು ಸಣ್ಣಪುಟ್ಟದಕ್ಕೆ ಕದಡುವವರ ಅಳತೆಯಿಂದ ಅಳೆಯಬಾರದು, ದೃಢಮನಸ್ಸಿನ ವಿವೇಕಿಗಳ ಅಳತೆಯಿಂದ ನೋಡಬೇಕು ಎಂದಿತು. ಜೈನ ಆಚರಣೆಯನ್ನು ಯಾರೋ ಟೀಕಿಸಿದರು, ಒಪ್ಪಲಿಲ್ಲ ಎಂಬುದು ಅಪರಾಧವಲ್ಲ. ಸಮುದಾಯದ ವಿರುದ್ಧ ಹಗೆ ಹುಟ್ಟಿಸುವ ಉದ್ದೇಶ ಇದ್ದಾಗಲಷ್ಟೇ ಅಪರಾಧ.

ಅನುಮತಿ ಎಂಬ ಕಾಣದ ಮೆಟ್ಟಿಲು

ಕಲಂ 196 ಮತ್ತು 299ರ ಮೊಕದ್ದಮೆಯನ್ನು ನ್ಯಾಯಾಲಯ ವಿಚಾರಣೆಗೆ ಎತ್ತಿಕೊಳ್ಳಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು. ಇದು ಸುರಕ್ಷಾ ಸಂಹಿತೆಯ ಕಲಂ 217ರ ನಿಯಮ. ಎಫ್‌ಐಆರ್ ದಾಖಲಿಸಲು, ತನಿಖೆ ನಡೆಸಲು ಈ ಅನುಮತಿ ಬೇಕಿಲ್ಲ. ಆದರೆ ಅನುಮತಿ ಬರದಿದ್ದರೆ ಪ್ರಕರಣ ಮುಂದೆ ಸಾಗದು. ದೂರು ಕೊಟ್ಟು ವರ್ಷವಾದರೂ ಸಮನ್ಸ್ ಬರಲಿಲ್ಲ ಎಂದಾಗ ಹಲವು ಬಾರಿ ಕಡತ ನಿಂತಿರುವುದು ಇಲ್ಲಿಯೇ. ಅನುಮತಿಗೆ ಕಡತ ಕಳಿಸಿದ್ದಾರೆಯೇ, ಯಾವ ದಿನ ಕಳಿಸಿದರು ಎಂದು ತನಿಖಾಧಿಕಾರಿಯನ್ನೂ ಅಭಿಯೋಜಕರನ್ನೂ ಲಿಖಿತವಾಗಿ ಕೇಳುವುದು ದೂರುದಾರರ ಹಕ್ಕು. ಪೂಜಾಸ್ಥಳಕ್ಕೆ ಹಾನಿ ಮಾಡುವ ಕಲಂ 298ಕ್ಕೆ ಈ ಅನುಮತಿ ಬೇಕಿಲ್ಲ. ಹಾಗಾಗಿ ಅದು ಅನ್ವಯಿಸುವ ಪ್ರಕರಣದಲ್ಲಿ ಅದನ್ನು ಬಿಟ್ಟುಹೋಗದಂತೆ ನೋಡಿಕೊಳ್ಳಬೇಕು.

ಇನ್ನೊಂದು ಸಂಗತಿಯಿದೆ. 3 ವರ್ಷದಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಎಫ್‌ಐಆರ್ ಮೊದಲು 14 ದಿನಗಳೊಳಗೆ ಪ್ರಾಥಮಿಕ ವಿಚಾರಣೆ ನಡೆಸಲು ಡಿವೈಎಸ್‌ಪಿ ಅನುಮತಿಯೊಂದಿಗೆ ಅವಕಾಶವಿದೆ. ಪೊಲೀಸರು 'ವಿಚಾರಣೆ ನಡೆಯುತ್ತಿದೆ' ಎಂದರೆ ಆ 14 ದಿನಗಳ ಲೆಕ್ಕ ಇಟ್ಟುಕೊಳ್ಳಬೇಕು. ಎಫ್‌ಐಆರ್ ದಾಖಲಿಸಲು ನಿರಾಕರಿಸಿದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಬರೆಯಬಹುದು. ಅಲ್ಲಿಯೂ ಆಗದಿದ್ದರೆ ದಂಡಾಧಿಕಾರಿ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು.

ಎರಡು ಪ್ರಕರಣ, ಎರಡು ಪಾಠ

2014ರ ಆಗಸ್ಟ್ 28ರಂದು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಮೇಲೆ ಹಲ್ಲೆ ನಡೆದು ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷಗಳ ನಂತರ, 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 101 ಮಂದಿಗೆ ಶಿಕ್ಷೆ ವಿಧಿಸಿತು. ಅವರಲ್ಲಿ 98 ಜನರಿಗೆ ಜೀವಾವಧಿ, ಮೂವರಿಗೆ 5 ವರ್ಷ. ಒಂದೇ ಪ್ರಕರಣದಲ್ಲಿ ಇಷ್ಟು ಮಂದಿಗೆ ಜೀವಾವಧಿ ಶಿಕ್ಷೆಯಾದದ್ದು ಅಪರೂಪ. ನಂತರ ಹೈಕೋರ್ಟಿನ ಧಾರವಾಡ ಪೀಠ ಅವರಲ್ಲಿ ಬಹುತೇಕರಿಗೆ ಜಾಮೀನು ನೀಡಿತು. ಮೊದಲ ತೀರ್ಪಿನೊಂದಿಗೆ ಮೊಕದ್ದಮೆ ಮುಗಿಯುವುದಿಲ್ಲ ಎಂಬುದನ್ನೂ ಇದು ತೋರಿಸುತ್ತದೆ.

ಇದಕ್ಕೆ ಎದುರಾಗಿ ನಿಲ್ಲುವುದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿ. 2000ದ ಮಾರ್ಚ್ 11ರಂದು ಅಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಸುಡಲಾಯಿತು. 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನೆಲ್ಲ ಬಿಡುಗಡೆ ಮಾಡಿತು. ಸಾಕ್ಷಿಗಳು ಒಬ್ಬೊಬ್ಬರಾಗಿ ಪ್ರತಿಕೂಲ ಸಾಕ್ಷಿಗಳಾಗಿದ್ದರು. 2014ರಲ್ಲಿ ಹೈಕೋರ್ಟೂ ಆ ಬಿಡುಗಡೆಯನ್ನು ಎತ್ತಿಹಿಡಿಯಿತು. ಏಳು ಜೀವ ಹೋದದ್ದು ನಿಜ, ಆದರೆ ಕಾನೂನಿನ ಲೆಕ್ಕದಲ್ಲಿ ಅಪರಾಧಿಗಳೇ ಇಲ್ಲ.

ಈ ಎರಡೂ ಪರಿಶಿಷ್ಟ ಜಾತಿಗಳ ಮೇಲಿನ ದೌರ್ಜನ್ಯದ ಪ್ರಕರಣಗಳು. ಜೈನ ಸಮಾಜದ ಅನುಭವವನ್ನು ಅವುಗಳಿಗೆ ಸರಿಗಟ್ಟುವುದು ಸಲ್ಲದು. ಆದರೆ ಸಣ್ಣ ಊರಿನಲ್ಲಿ ಸಾಕ್ಷಿ ಹೇಳುವುದು ಏನೆಂಬುದನ್ನು ಅವು ಕಲಿಸುತ್ತವೆ. ಅದೇ ಬಾವಿ, ಅದೇ ಸಂತೆ, ಅದೇ ಸಾಲಗಾರ ಗಿರಾಕಿಗಳು. ವರ್ಷಗಟ್ಟಲೆ ಹೇಳಿಕೆಗೆ ಬದ್ಧವಾಗಿ ನಿಲ್ಲುವುದು ಒಂಟಿ ಮನೆಗೆ ಆಗದ ಮಾತು. ಅಭಿಯೋಜಕರ ಬಲ ಕಾನೂನಿನ ಪುಸ್ತಕದಲ್ಲಿ ಎಷ್ಟಿದೆಯೋ ಸಾಕ್ಷಿಯ ಧೈರ್ಯದಲ್ಲಿಯೂ ಅಷ್ಟೇ ಇದೆ.

ಸಾಕ್ಷಿಗಳಿಗೆ ರಕ್ಷಣೆ

2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮಹೇಂದರ್ ಚಾವ್ಲಾ ಪ್ರಕರಣದಲ್ಲಿ ಸಾಕ್ಷಿ ರಕ್ಷಣಾ ಯೋಜನೆಯನ್ನು ದೇಶದಾದ್ಯಂತ ಜಾರಿಗೊಳಿಸಿತು. ಈಗ ಸುರಕ್ಷಾ ಸಂಹಿತೆಯ ಕಲಂ 398 ಪ್ರತಿ ರಾಜ್ಯವೂ ಇಂಥ ಯೋಜನೆ ರೂಪಿಸಬೇಕೆಂದು ಹೇಳುತ್ತದೆ. 2018ರ ಯೋಜನೆಯಂತೆ ಜಿಲ್ಲೆಯಲ್ಲಿ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರ ನೇತೃತ್ವದ ಪ್ರಾಧಿಕಾರ ಇರುತ್ತದೆ. ಜಿಲ್ಲಾ ಪೊಲೀಸ್ ಮುಖ್ಯಸ್ಥರು ಮತ್ತು ಜಿಲ್ಲೆಯ ಅಭಿಯೋಜನೆಯ ಮುಖ್ಯಸ್ಥರು ಅದರ ಸದಸ್ಯರು. ಬೆದರಿಕೆಯನ್ನು ಮೂರು ದರ್ಜೆಯಾಗಿ ಅಳೆಯುತ್ತಾರೆ. ಜೀವಬೆದರಿಕೆ ಮೊದಲ ದರ್ಜೆ. ಪೊಲೀಸ್ ಗಸ್ತು, ಮನೆಗೆ ಸಿಸಿ ಕ್ಯಾಮೆರಾ, ದೂರವಾಣಿ ಸಂಖ್ಯೆಯ ಬದಲಾವಣೆ, ಆರೋಪಿಗೆ ಎದುರಾಗದಂತೆ ಸಾಕ್ಷ್ಯ ನುಡಿಯುವ ವ್ಯವಸ್ಥೆ, ತಾತ್ಕಾಲಿಕ ಸ್ಥಳಾಂತರ ಇವೆಲ್ಲ ಕೇಳಬಹುದಾದ ಕ್ರಮಗಳು. ಬೆದರಿಕೆ ಬಂದ ದಿನವೇ ಅಭಿಯೋಜಕರಿಗೆ ತಿಳಿಸಿದರೆ ಅವರು ಆರೋಪಿಯ ಜಾಮೀನು ರದ್ದತಿಗೂ ಅರ್ಜಿ ಹಾಕಬಹುದು.

ಮುಖ್ಯ ಸಾಕ್ಷಿಗಳ ಹೇಳಿಕೆಯನ್ನು ಕಲಂ 183ರ ಅಡಿ ದಂಡಾಧಿಕಾರಿಯ ಮುಂದೆ ಬೇಗ ದಾಖಲಿಸುವುದು ಇನ್ನೊಂದು ಉಪಾಯ. ಪೊಲೀಸರ ಮುಂದಿನ ಹೇಳಿಕೆಗಿಂತ ಇದಕ್ಕೆ ತೂಕ ಹೆಚ್ಚು.

ವಿಹಾರದಲ್ಲಿರುವ ಮುನಿಗಳು ಸಾಕ್ಷಿಯಾದರೆ

ಇದು ಜೈನ ಸಮಾಜಕ್ಕೇ ವಿಶಿಷ್ಟವಾದ ತೊಡಕು. ದಿಗಂಬರ ಮುನಿಗಳು ವಾಹನ ಏರುವುದಿಲ್ಲ, ಮೊಬೈಲ್ ಇಟ್ಟುಕೊಳ್ಳುವುದಿಲ್ಲ. ಅಫಜಲಪುರದ ರಸ್ತೆಯಲ್ಲಿ ಘಟನೆ ನಡೆದರೆ ಸಮನ್ಸ್ ಬರುವ ಹೊತ್ತಿಗೆ ಮಹಾರಾಜರು ಮಹಾರಾಷ್ಟ್ರದ ಯಾವುದೋ ಕ್ಷೇತ್ರದಲ್ಲಿರಬಹುದು. ಪೊಲೀಸರಿಗೂ ಅಭಿಯೋಜಕರಿಗೂ ಈ ನಿಯಮಗಳು ತಿಳಿದಿರುತ್ತವೆ ಎಂದು ಭಾವಿಸಬಾರದು. ಜೊತೆಗಿದ್ದ ಶ್ರಾವಕರೇ ವಿವರಿಸಿ ಹೇಳಬೇಕು.

ಕಾನೂನಿನಲ್ಲಿ ದಾರಿಯಿದೆ. 60 ವರ್ಷ ದಾಟಿದವರನ್ನು ಪೊಲೀಸರು ವಿಚಾರಣೆಗೆಂದು ಠಾಣೆಗೆ ಕರೆಸುವಂತಿಲ್ಲ, ಇರುವಲ್ಲಿಗೇ ಹೋಗಬೇಕು. ಹೇಳಿಕೆಯನ್ನು ಧ್ವನಿ ಮತ್ತು ದೃಶ್ಯ ರೂಪದಲ್ಲಿ ದಾಖಲಿಸಬಹುದು. ಸಾಕ್ಷ್ಯವನ್ನು ವಿಡಿಯೊ ಮೂಲಕ ನುಡಿಯಲು ನ್ಯಾಯಾಲಯದ ಅನುಮತಿ ಕೇಳಬಹುದು. ಚಾತುರ್ಮಾಸದ ನಾಲ್ಕು ತಿಂಗಳು ಮುನಿಗಳು ಒಂದೇ ಕಡೆ ನೆಲೆಸುವುದರಿಂದ ಆ ಅವಧಿಯಲ್ಲಿ ದಿನಾಂಕ ನಿಗದಿಪಡಿಸುವಂತೆ ಅಭಿಯೋಜಕರ ಮೂಲಕ ಕೋರಬಹುದು. ವಿಹಾರದಲ್ಲಿ ಜೊತೆಗೆ ನಡೆಯುವ ಇಬ್ಬರು ಮೂವರು ಗೃಹಸ್ಥರು ಸಾಕ್ಷಿಗಳಾಗಿ ಹೇಳಿಕೆ ಕೊಟ್ಟಿದ್ದರೆ ಮುನಿಗಳೊಬ್ಬರ ಹೇಳಿಕೆಯ ಮೇಲೆಯೇ ಪ್ರಕರಣ ನಿಲ್ಲುವುದಿಲ್ಲ.

ಶುದ್ಧಿಗೆ ಮೊದಲು ಪಂಚನಾಮೆ

ಬಸದಿ ಅಪವಿತ್ರವಾಯಿತೆಂದು ತಿಳಿದ ಕೂಡಲೇ ತೊಳೆದು, ಅಭಿಷೇಕ ಮಾಡಿ, ಶುದ್ಧಿ ವಿಧಿ ನಡೆಸಬೇಕೆಂಬುದು ಸಹಜ ಭಾವನೆ. ಆದರೆ ಬೆರಳಚ್ಚು, ಬಣ್ಣದ ಕಲೆ, ಹೆಜ್ಜೆ ಗುರುತು, ಒಡೆದ ಚೂರು ಎಲ್ಲವೂ ಆ ನೀರಿನೊಂದಿಗೆ ಹರಿದುಹೋಗುತ್ತವೆ. ಗರ್ಭಗುಡಿಗೆ ಯಾರನ್ನೂ ಬಿಡದೆ ಬಾಗಿಲು ಹಾಕಿ, 112ಕ್ಕೆ ಕರೆ ಮಾಡಿ, ಪಂಚನಾಮೆ, ಛಾಯಾಚಿತ್ರ, ಬೆರಳಚ್ಚು ಸಂಗ್ರಹ ಮುಗಿದ ಮೇಲೆ ಶುದ್ಧಿ ನಡೆಸಬೇಕು. ಪಂಚನಾಮೆಗೆ ಬರುವ ಸಿಬ್ಬಂದಿ ಪಾದರಕ್ಷೆ, ಚರ್ಮದ ಬೆಲ್ಟ್ ಹೊರಗಿಟ್ಟು ಬರುವಂತೆ ವಿನಯದಿಂದ ಕೇಳಿಕೊಳ್ಳಬಹುದು.

ಮೂರ್ತಿಯನ್ನು ಪೊಲೀಸರು ಮುದ್ದೆಮಾಲಾಗಿ ವಶಕ್ಕೆ ಪಡೆದರೆ ಅದು ವರ್ಷಗಟ್ಟಲೆ ಠಾಣೆಯ ಕೋಣೆಯಲ್ಲಿ ಉಳಿಯಬೇಕಿಲ್ಲ. ಸುರಕ್ಷಾ ಸಂಹಿತೆಯ ಕಲಂ 497ರಂತೆ ವಸ್ತು ನ್ಯಾಯಾಲಯಕ್ಕೆ ಬಂದ 14 ದಿನಗಳೊಳಗೆ ಅದರ ವಿವರ ಪಟ್ಟಿ ಸಿದ್ಧವಾಗಬೇಕು, ಛಾಯಾಚಿತ್ರ ಅಥವಾ ವಿಡಿಯೊ ತೆಗೆಯಬೇಕು. ಆ ಚಿತ್ರವೇ ಮುಂದೆ ಸಾಕ್ಷ್ಯವಾಗುತ್ತದೆ. ಆಮೇಲೆ 30 ದಿನಗಳೊಳಗೆ ವಸ್ತುವಿನ ವಿಲೇವಾರಿಗೆ ಆದೇಶವಾಗಬೇಕು. ಬಸದಿ ಸಮಿತಿ ಜಿನಬಿಂಬವನ್ನು ತನ್ನ ಸುಪರ್ದಿಗೆ ಕೇಳಿ ಅರ್ಜಿ ಹಾಕಿದರೆ ಅಭಿಯೋಜಕರ ಅಭಿಪ್ರಾಯ ಪಡೆದು ನ್ಯಾಯಾಲಯ ತೀರ್ಮಾನಿಸುತ್ತದೆ. ಮೂರ್ತಿಯ ಎತ್ತರ, ತೂಕ, ಲಾಂಛನ, ಪೀಠದ ಬರಹ, ನಾಲ್ಕೂ ಕಡೆಯ ಫೋಟೊ ಇರುವ ದಾಖಲೆ ಸಮಿತಿಯ ಬಳಿ ಮೊದಲೇ ಇದ್ದರೆ ಈ ಅರ್ಜಿ ಸಲೀಸು.

ಮೊಬೈಲಿನ ಸಾಕ್ಷ್ಯಕ್ಕೂ ಕ್ರಮವಿದೆ. ವಿಡಿಯೊವನ್ನು ಕತ್ತರಿಸದೆ, ಮೂಲ ಫೋನಿನಿಂದ ಅಳಿಸದೆ ಇಡಬೇಕು. ನ್ಯಾಯಾಲಯಕ್ಕೆ ಅದರ ಪ್ರತಿ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕು. ಆಕ್ಷೇಪಾರ್ಹ ವಿಡಿಯೊವನ್ನು 'ಎಲ್ಲರೂ ನೋಡಿ' ಎಂದು ಸಮಾಜದ ಗುಂಪುಗಳಿಗೆ ಕಳಿಸುವುದು ಅಪಾಯಕರ. ಅದು ಹಗೆಯನ್ನು ಹರಡುತ್ತದೆ, ಕಳಿಸಿದವರೇ ಕಲಂ 196ರ ತೊಂದರೆಗೆ ಸಿಲುಕಬಹುದು.

ಆಳಂದದಿಂದ ಕಲಿಯಬೇಕಾದ್ದು

ಆಳಂದದ ಲಾಡ್ಲೆ ಮಶಾಕ್ ದರ್ಗಾ ಆವರಣದಲ್ಲಿ ರಾಘವ ಚೈತನ್ಯ ಶಿವಲಿಂಗವೂ ಇದೆ. 2022ರ ಮಾರ್ಚ್ 1ರ ಮಹಾಶಿವರಾತ್ರಿಯಂದು ಪಟ್ಟಣದಲ್ಲಿ ಕಲ್ಲು ತೂರಾಟ ನಡೆದು ಪೊಲೀಸರು ಪ್ರಕರಣ ದಾಖಲಿಸಿದರು. ಪೂಜೆಯ ಹಕ್ಕಿನ ಪ್ರಶ್ನೆ ವಕ್ಫ್ ನ್ಯಾಯಮಂಡಳಿ ಮತ್ತು ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಯಿತು. 2025ರ ಶಿವರಾತ್ರಿಗೆ 15 ಮಂದಿಯ ಪೂಜೆಗೆ ಹೈಕೋರ್ಟ್ ಅವಕಾಶ ನೀಡಿತು.

ಇಲ್ಲಿ ಎರಡು ಹಾದಿಗಳು ಬೇರೆಬೇರೆಯಾಗಿ ಕಾಣುತ್ತವೆ. ಒಂದು ಸ್ಥಳದ ಮೇಲೆ ಯಾರಿಗೆ ಏನು ಹಕ್ಕು ಎಂಬುದು ಸಿವಿಲ್ ಪ್ರಶ್ನೆ, ಅದರಲ್ಲಿ ಅಭಿಯೋಜಕರ ಪಾತ್ರವಿಲ್ಲ. ಕಲ್ಲು ಎಸೆದದ್ದು ಕ್ರಿಮಿನಲ್ ಪ್ರಶ್ನೆ. ಹಳೆಯ ಬಸದಿಯ ಜಾಗದ ಒತ್ತುವರಿ, ಹೊಲದಲ್ಲಿ ಸಿಕ್ಕ ತೀರ್ಥಂಕರ ಮೂರ್ತಿಯ ಒಡೆತನ ಇಂಥ ತಕರಾರುಗಳಿಗೂ ಇದೇ ಭೇದ ಅನ್ವಯಿಸುತ್ತದೆ. ಎರಡನ್ನೂ ಒಂದೇ ದೂರಿನಲ್ಲಿ ಕಲಸಿದರೆ 'ಇದು ಸಿವಿಲ್ ವ್ಯಾಜ್ಯ' ಎಂದು ದೂರು ಹಿಂದಕ್ಕೆ ಬರುವ ಸಾಧ್ಯತೆ ಹೆಚ್ಚು.

ಪರಿಹಾರ ಮತ್ತು ಉಚಿತ ನೆರವು

ಆರೋಪಿಗೆ ಶಿಕ್ಷೆಯಾದಾಗ ಕಲಂ 395ರ ಅಡಿ ನ್ಯಾಯಾಲಯ ಪರಿಹಾರ ಕೊಡಿಸಬಹುದು. ಅಭಿಯೋಜಕರು ಇದನ್ನು ಕೇಳುವಂತೆ ಚಿಕಿತ್ಸೆಯ ಬಿಲ್ಲು, ದುರಸ್ತಿಯ ಖರ್ಚು ಮುಂತಾದ ದಾಖಲೆಗಳನ್ನು ಮೊದಲೇ ಕೊಟ್ಟಿರಬೇಕು. ಆರೋಪಿ ಸಿಗದಿದ್ದರೂ ದೈಹಿಕ ಹಾನಿ, ನಷ್ಟ ಅನುಭವಿಸಿದವರು ಕಲಂ 396ರ ಸಂತ್ರಸ್ತರ ಪರಿಹಾರ ಯೋಜನೆಯಡಿ ಕಲಬುರಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಪ್ರಾಧಿಕಾರ ಎರಡು ತಿಂಗಳೊಳಗೆ ವಿಚಾರಣೆ ಮುಗಿಸಬೇಕು. ಆಳಂದ, ಅಫಜಲಪುರ, ಜೇವರ್ಗಿಯ ನ್ಯಾಯಾಲಯ ಆವರಣದ ತಾಲ್ಲೂಕು ಕಾನೂನು ಸೇವಾ ಸಮಿತಿಗಳಲ್ಲಿ ಮಾರ್ಗದರ್ಶನ ಸಿಗುತ್ತದೆ. ಕಾನೂನು ನೆರವಿನ ರಾಷ್ಟ್ರೀಯ ಸಹಾಯವಾಣಿ 15100. ಮಹಿಳೆಯರಿಗೆ, ಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ದೊರೆಯುತ್ತಾರೆ.

ಗುಂಪು ಹಲ್ಲೆಯ ಪ್ರಕರಣಗಳಿಗೆ 2018ರ ಜುಲೈ 17ರ ತೆಹಸೀನ್ ಪೂನಾವಾಲಾ ತೀರ್ಪು ಇನ್ನಷ್ಟು ಕೊಟ್ಟಿದೆ: ಪ್ರತಿ ಜಿಲ್ಲೆಯಲ್ಲಿ ಎಸ್‌ಪಿ ದರ್ಜೆಗಿಂತ ಕಡಿಮೆಯಿಲ್ಲದ ನೋಡಲ್ ಅಧಿಕಾರಿ, ನೊಂದ ಕುಟುಂಬಕ್ಕೆ ಕಿರುಕುಳವಾಗದಂತೆ ನೋಡಿಕೊಳ್ಳುವ ಹೊಣೆ, ಆದಷ್ಟು 6 ತಿಂಗಳೊಳಗೆ ವಿಚಾರಣೆ, ಉಚಿತ ಕಾನೂನು ನೆರವು.

2014ರ ಜನವರಿಯಲ್ಲಿ ಜೈನರಿಗೆ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸ್ಥಾನ ದೊರೆತದ್ದರಿಂದ ರಾಷ್ಟ್ರೀಯ ಅಲ್ಪಸಂಖ್ಯಾತರ ಆಯೋಗಕ್ಕೂ ದೂರು ಸಲ್ಲಿಸಬಹುದು. ರಾಜ್ಯದಲ್ಲಿ ಕರ್ನಾಟಕ ರಾಜ್ಯ ಅಲ್ಪಸಂಖ್ಯಾತರ ಆಯೋಗವಿದೆ. ಆಯೋಗಗಳು ಶಿಕ್ಷೆ ಕೊಡುವುದಿಲ್ಲ, ಆದರೆ ಅಧಿಕಾರಿಗಳಿಂದ ವರದಿ ಕೇಳುತ್ತವೆ. ನಿಂತ ಕಡತ ಚಲಿಸಲು ಎಷ್ಟೋ ಸಲ ಅದೇ ಸಾಕು.

ದೂರು ಕೊಡುವುದು ಕ್ಷಮಾಧರ್ಮಕ್ಕೆ ವಿರುದ್ಧವೇ?

ಊರ ಹಿರಿಯರು ಅನೇಕ ಬಾರಿ 'ಕ್ಷಮಿಸಿಬಿಡಿ, ನಮ್ಮದು ಅಹಿಂಸಾ ಧರ್ಮ' ಎನ್ನುತ್ತಾರೆ. ಮಾತಿನಲ್ಲಿ ಸತ್ಯವಿದೆ. ಆದರೆ ಆಚಾರ ಶಾಸ್ತ್ರವು ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿ, ಗೃಹಸ್ಥನು ಸಂಕಲ್ಪಿ ಹಿಂಸೆಯನ್ನು ಪೂರ್ತಿ ಬಿಡಬೇಕೆನ್ನುತ್ತದೆ. ತನ್ನನ್ನೂ ತನ್ನವರನ್ನೂ ಧರ್ಮಾಯತನವನ್ನೂ ಕಾಪಾಡಿಕೊಳ್ಳಲು ಅನಿವಾರ್ಯವಾಗುವ ಪ್ರತಿರೋಧವನ್ನು ಅದು ಬೇರೆಯಾಗಿಯೇ ನೋಡುತ್ತದೆ. ಠಾಣೆಗೆ ದೂರು ಕೊಡುವುದರಲ್ಲಿ ಹಿಂಸೆಯಾಗಲಿ ಸೇಡಾಗಲಿ ಇಲ್ಲ. ಸೇಡನ್ನು ಬಿಟ್ಟು ತೀರ್ಮಾನವನ್ನು ನ್ಯಾಯಾಲಯದ ಕೈಗೆ ಒಪ್ಪಿಸುವ ದಾರಿ ಅದು.

ಕಾನೂನೂ ಈ ಭೇದವನ್ನು ಗುರುತಿಸುತ್ತದೆ. ಎದುರಿಗೆ ಆಡಿದ ಅವಮಾನದ ಮಾತಿನ ಕಲಂ 302ರ ಪ್ರಕರಣವನ್ನು ನೊಂದ ವ್ಯಕ್ತಿ ರಾಜಿ ಮಾಡಿಕೊಳ್ಳಬಹುದು. ಬಸದಿಗೆ ಹಾನಿ, ಸಮುದಾಯಗಳ ನಡುವೆ ವೈರ ಬಿತ್ತುವುದು ರಾಜಿಯಾಗದ ಅಪರಾಧಗಳು. ಏಕೆಂದರೆ ಅಲ್ಲಿ ನೊಂದವರು ಒಬ್ಬರಲ್ಲ. ಒಂದು ಮನೆಯವರು ಕ್ಷಮಿಸಿ ಸುಮ್ಮನಾದರೆ ಮುಂದಿನ ಊರಿನ ಒಂಟಿ ಮನೆಗೆ ಅದರ ಫಲ ತಟ್ಟುತ್ತದೆ. ಆರೋಪಿ ತಪ್ಪೊಪ್ಪಿ ಪಶ್ಚಾತ್ತಾಪಪಟ್ಟರೆ ಶಿಕ್ಷೆಯ ಪ್ರಮಾಣದ ವಿಚಾರಣೆಯಲ್ಲಿ ಅದನ್ನು ಅಭಿಯೋಜಕರ ಮೂಲಕ ನ್ಯಾಯಾಲಯಕ್ಕೆ ತಿಳಿಸಲು ಸಮಾಜಕ್ಕೆ ಅಡ್ಡಿಯಿಲ್ಲ. ಕ್ಷಮೆಗೆ ಅಲ್ಲಿಯೂ ಜಾಗವಿದೆ.

ನೆನಪಿಡಬೇಕಾದ ಕ್ರಮ

1. ಮೊದಲು 112ಕ್ಕೆ ಕರೆ. ಗಾಯಾಳುಗಳಿದ್ದರೆ ಮೊದಲು ಆಸ್ಪತ್ರೆ, ಅಲ್ಲಿ ವೈದ್ಯಕೀಯ ದಾಖಲೆ.

2. ಸ್ಥಳವನ್ನು ಮುಟ್ಟದೆ ಕಾಯುವುದು. ಶುದ್ಧಿ ವಿಧಿ ಪಂಚನಾಮೆಯ ನಂತರ.

3. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಇದಕ್ಕೆ ಶೂನ್ಯ ಎಫ್‌ಐಆರ್ ಎನ್ನುತ್ತಾರೆ. ಇ-ಮೇಲ್ ಮೂಲಕ ಕೊಟ್ಟರೆ 3 ದಿನಗಳೊಳಗೆ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ.

4. ದೂರಿನಲ್ಲಿ ಆಡಿದ ಮಾತುಗಳನ್ನು ಅದೇ ಶಬ್ದಗಳಲ್ಲಿ ಬರೆಯುವುದು. ಊಹೆ ಬೇಡ, ಉತ್ಪ್ರೇಕ್ಷೆ ಬೇಡ.

5. 90 ದಿನಗಳೊಳಗೆ ತನಿಖೆಯ ಪ್ರಗತಿ ತಿಳಿಸುವುದು ಪೊಲೀಸರ ಕರ್ತವ್ಯ. ಬಾರದಿದ್ದರೆ ಲಿಖಿತವಾಗಿ ಕೇಳುವುದು.

6. ದೋಷಾರೋಪ ಪಟ್ಟಿ ಸಲ್ಲಿಕೆಯಾದ ಮೇಲೆ ಅಭಿಯೋಜಕರನ್ನು ಭೇಟಿಯಾಗಿ ಸಾಕ್ಷಿಗಳ ವಿಳಾಸ, ಬೆದರಿಕೆಯ ವಿವರ, ನಷ್ಟದ ದಾಖಲೆ ಕೊಡುವುದು.

7. ಸಾಕ್ಷಿ ಹೇಳಲು ಹೋಗುವವರನ್ನು ಒಂಟಿಯಾಗಿ ಕಳಿಸದಿರುವುದು.

8. ಬಿಡುಗಡೆಯ ತೀರ್ಪು ಬಂದರೆ ನೊಂದವರಿಗೇ ಮೇಲ್ಮನವಿಯ ಹಕ್ಕಿದೆ. ಸರ್ಕಾರ ಮೇಲ್ಮನವಿ ಹಾಕಲಿ ಎಂದು ಕಾಯಬೇಕಿಲ್ಲ.

ಈ ಪಟ್ಟಿಯಲ್ಲಿ ಏಳನೆಯದಕ್ಕೆ ಯಾವ ಕಲಮೂ ಇಲ್ಲ, ಅದನ್ನು ಸಮಾಜವೇ ಮಾಡಬೇಕು. ಕಲಬುರಗಿ ನಗರದ, ಹುಬ್ಬಳ್ಳಿಯ, ಬೆಳಗಾವಿಯ ಸಮಾಜ ಬಾಂಧವರು ವಿಚಾರಣೆಯ ದಿನ ಜೇವರ್ಗಿಯ ನ್ಯಾಯಾಲಯದ ಬಾಗಿಲಲ್ಲಿ ಸಾಕ್ಷಿಯ ಪಕ್ಕ ಶಾಂತವಾಗಿ ನಿಂತರೆ ಆ ಒಂಟಿ ಮನೆಗೆ ಅದೇ ದೊಡ್ಡ ಬಲ.